ಸೊನ್ನೆ ಬೈಟಿನ ಗುರುವಾರ

ಸೋಹಾರ್ ಬಂದರಿನ ಮೂರನೇ ಮಹಡಿಯಲ್ಲಿ
ಎಸಿಯ ಕೆಳಗೆ ಶಾಲು ಹೊದ್ದು ಕೂತು
ಹಳೆಯ ಯಂತ್ರವೊಂದನ್ನು ಬಿಡಿಸುತ್ತಿದ್ದೇನೆ,
ಬಂಗುಡೆಯ ಮುಳ್ಳು ಬಿಡಿಸಿದ ಹಾಗೆ,
ಬೆರಳಿಗೆ ಚುಚ್ಚದಂತೆ, ಒಂದೊಂದೇ.

ಇಪ್ಪತ್ತೊಂದು ವರ್ಷ ಇದು ರಾತ್ರಿಯಿಡೀ ಓಡಾಡಿದೆ.
ಸಂಬಳದ ಪಟ್ಟಿ ಬ್ಯಾಂಕಿಗೆ,
ಕಂಟೇನರುಗಳ ಲೆಕ್ಕ ಸುಂಕದ ಕಟ್ಟೆಗೆ,
ಎಲ್ಲವೂ ತೆರೆದ ಅಂಚೆ ಕಾರ್ಡು.
ಕ್ರೇನು ಓಡಿಸುವವನ ಓವರ್‌ಟೈಮು, ಅವನ ಸಾಲದ ಕಂತು,
ದಾರಿಯಲ್ಲಿ ಯಾರು ಓದಿದರೋ ಯಾರು ನಕ್ಕರೋ
ಹೇಳುವವರಿಲ್ಲ.

ಪಾಸ್‌ವರ್ಡು ಎಲ್ಲದಕ್ಕೂ ಒಂದೇ.
ಬರೆದಿಟ್ಟು ಹೋದವರು ಗಿಲ್ಬರ್ಟ್ ಕ್ವಾಡ್ರಸ್,
ಕಲ್ಯಾಣಪುರದವರಂತೆ; ನಾನು ಕಂಡಿಲ್ಲ.
ಅವರ ಮಗಳ ಹೆಸರು, ಅವಳು ಹುಟ್ಟಿದ ವರ್ಷ.
ಎಲ್ಲಿದ್ದಾಳೋ ಈಗ, ಯಾವ ಊರಲ್ಲಿ ನಿದ್ದೆಯಲ್ಲಿದ್ದಾಳೋ.
ಇಲ್ಲಿ ಮಾತ್ರ ದಿನಾ ರಾತ್ರಿ ಎರಡಕ್ಕೆ ಎದ್ದು
ನಲವತ್ತು ಬಾಗಿಲು ತೆಗೆಯುತ್ತಾಳೆ.

ತಪಾಸಣೆಯವರು ಕೆಂಪು ಶಾಯಿಯಲ್ಲಿ ಬರೆದರು.
ಹುದಾ ಮೇಡಂ ಕರೆದು ಹೇಳಿದರು:
ರಮ್ಜಾನಿನ ಒಳಗೆ ಮುಗಿಸು.

ಹೊಸತರಲ್ಲಿ ಕೀಲಿ ಎರಡು.
ಒಂದನ್ನು ಊರಿಗೆಲ್ಲ ಹಂಚಿದರೂ ತೊಂದರೆಯಿಲ್ಲ,
ಇನ್ನೊಂದು ಸೆರಗಿನ ಗಂಟು ಬಿಟ್ಟು ಹೊರಬರಬಾರದು
ಎಂದು ನಾನು ಹೇಳಿಕೊಡುವಾಗ
ಹುಡುಗ ಮುಹನ್ನದ್ ತನ್ನ ದಿಶ್‌ದಾಶಾ ನೋಡಿಕೊಂಡು
ಗಂಟು ಎಲ್ಲಿ ಹಾಕಲಿ, ಅಂದ.
ಕೀಲಿಗೂ ಆಯುಷ್ಯ ಉಂಟು, ತೊಂಬತ್ತು ದಿನ.
ನನ್ನ ರೆಸಿಡೆಂಟ್ ಕಾರ್ಡಿಗೆ ಎರಡು ವರ್ಷ.
ಕೀಲಿಗಿಂತ ನಾನು ವಾಸಿ.

ಮುನ್ನೂರ ಹನ್ನೆರಡು ರವಾನೆ.
ಒಂದೊಂದಕ್ಕೂ ಯಜಮಾನ ಯಾರೆಂದು ಕೇಳುತ್ತ
ಮಹಡಿ ಹತ್ತಿದೆ, ಇಳಿದೆ.
ಮುನ್ನೂರ ಹನ್ನೊಂದಕ್ಕೆ ಯಾರೋ ಹೂಂ ಅಂದರು.
ಉಳಿದದ್ದು ಒಂದು: ಗುರುವಾರ ಬೆಳಗಿನ ಜಾವ ನಾಲ್ಕಕ್ಕೆ
ದುಕುಮ್ಮಿನ ಮೀನು ಗೋದಾಮಿಗೆ ಹೊರಡುವ ಫೈಲು.
ಒಳಗೆ ಏನೂ ಇಲ್ಲ. ತೂಕ ಸೊನ್ನೆ ಬೈಟು.
ಏನೂ ಇಲ್ಲದ್ದಕ್ಕೆ ಬೀಗ ಹಾಕುವುದುಂಟೆ?
ಪಟ್ಟಿಯಿಂದ ಹೊಡೆದುಹಾಕಿದೆ.

ಬುಧವಾರ ರಾತ್ರಿ ಹೊಸತಕ್ಕೆ ಹೊರಳಿದೆವು.
ಸಂಬಳ ಹೋಯಿತು, ಸುಂಕ ಹೋಯಿತು,
ಪರದೆ ತುಂಬ ಹಸಿರು. ಮುಹನ್ನದ್ ಹಲ್ವಾ ತಂದ,
ಬೆರಳಿಗೆ ಅಂಟಿದ್ದನ್ನು ನನ್ನ ಕೀಬೋರ್ಡಿಗೇ ಒರೆಸಿದ.

ಏಳೂಕಾಲಿಗೆ ಫೋನು.
ಅರಬಿ ಹಿಂದಿ ಕಲಸಿದ ಮುದಿ ದನಿ:
ದುಕುಮ್ಮಿನಿಂದ ಖಮೀಸ್ ಬಿನ್ ಉಬೈದ್,
ಗೋದಾಮು ಕಾಯುವವನು. ಕಾಗದ ಬಂದಿಲ್ಲ.
ಯಾವ ಕಾಗದ?
ಖಾಲಿ ಕಾಗದ.

ಗುರುವಾರ ಗುರುವಾರ ಅಲ್ಲಿ ಪ್ರಿಂಟರು ತಾನಾಗಿ ಎದ್ದು
ಒಂದು ಬಿಳಿ ಹಾಳೆ ಉಗುಳುತ್ತಿತ್ತಂತೆ.
ಆ ಸದ್ದಿಗೇ ಅವನಿಗೆ ಎಚ್ಚರ. ನಮಾಜು ಮುಗಿಸಿ
ಅದೇ ಹಾಳೆಯಲ್ಲಿ ಕೋಣೆ ಕೋಣೆಯ ಶೀತ ಬರೆದು,
ಯಾರ ಬೆರಳು ಮರಗಟ್ಟಿತು, ಯಾರು ಊರಿಗೆ ಹೊರಟರು,
ಯಾರು ತಿರುಗಿ ಬರಲಿಲ್ಲ, ಅದನ್ನೂ ಬರೆದು
ಗೋಡೆಗೆ ಅಂಟಿಸುತ್ತಿದ್ದ. ಹದಿನಾರು ವರ್ಷ.
ಹೆಡ್ ಆಫೀಸು ವಾರಕ್ಕೊಮ್ಮೆ ಏನು ಸಮಾಚಾರ
ಎಂದು ಕೇಳುತ್ತಿದೆ ಅಂದುಕೊಂಡಿದ್ದ.
ನನ್ನ ಹೆಸರೇ ಗುರುವಾರ, ಅಂದ. ಖಮೀಸ್ ಎಂದರೆ ಅದೇ.

ನನಗೆ ಮಾತು ಹೊರಡಲಿಲ್ಲ. ಸರ್ವರಿನ ತಪ್ಪು ಅಂದೆ.

ಹೊಸ ವ್ಯವಸ್ಥೆ ಬಹಳ ಕಟ್ಟುನಿಟ್ಟು:
ಖಾಲಿ ಫೈಲನ್ನು ಹೊಸ್ತಿಲಲ್ಲೇ ತಡೆಯುತ್ತದೆ.
ಹಾಗಾಗಿ ಒಳಗೊಂದು ಪ್ರಶ್ನೆ ಚಿಹ್ನೆ ಇಟ್ಟೆ,
ಅರಬಿಯದ್ದು, ಕನ್ನಡಿಯಲ್ಲಿ ಕಂಡಂತೆ ತಿರುಗಿದ್ದು.
ತೂಕ ಎರಡು ಬೈಟು. ಅದಕ್ಕೆ ಸುತ್ತಿದ ಬೀಗ
ಅದರ ನೂರಾರು ಪಾಲು ಭಾರ.
ಯಜಮಾನ ಯಾರು ಎಂಬಲ್ಲಿ ನನ್ನ ಹೆಸರು.
ಕಾರಣ ಎಂಬಲ್ಲಿ ಬಹಳ ಹೊತ್ತು ಕರ್ಸರು ಮಿಟುಕಿತು;
ಕೊನೆಗೆ, ಅಗತ್ಯ, ಎಂದಷ್ಟೇ ಬರೆದೆ.
ತೊಂಬತ್ತನೇ ದಿನಕ್ಕೆ ಮೊಬೈಲಲ್ಲಿ ಅಲಾರಾಂ ಇಟ್ಟೆ.

ಮುಂದಿನ ಗುರುವಾರ
ಏಳೂಕಾಲು ದಾಟಿತು, ಏಳೂವರೆ ದಾಟಿತು.
ಫೋನು ಬರಲಿಲ್ಲ.